ಕಳವಾದಲ್ಲಿ ನಿಂತ ಚುಕ್ಕಿ

ನೀರುದೋಸೆಗೆ ಕಾಯುವ ತಾಳ್ಮೆ ಇಲ್ಲ. ಕಾವಲಿಯಿಂದ ಎದ್ದದ್ದು ನೇರ ಬಟ್ಟಲಿಗೆ ಬೀಳಬೇಕು, ಬಟ್ಟಲಿನಿಂದ ನೇರ ಬಾಯಿಗೆ ಹೋಗಬೇಕು. ನಡುವೆ ಒಂದು ಫೋನು ಬಂತೋ, ಮುಗಿಯಿತು, ಒದ್ದೆ ಕರ್ಚೀಫು ಅಗಿದ ಹಾಗೆ. ಇದು ಡೊಂಬಿವಲಿ ಈಸ್ಟಿನ ವಿಮಲಕ್ಕನ ಅಭಿಪ್ರಾಯ. ಅಡುಗೆಮನೆಯ ವಿಷಯದಲ್ಲಿ ಅವಳಿಗೆ ಎದುರಾಡುವವರು ಆ ಬಿಲ್ಡಿಂಗಿನಲ್ಲಿ ಇನ್ನೂ ಹುಟ್ಟಿಲ್ಲ. ಮದುವೆಯಾದಂದಿನಿಂದ ಗಂಡ ಲೀಲಾಧರನಿಗಾಗಲಿ ಮಗ ಯತಿನ್‌ಗಾಗಲಿ ಅವಳು ತಣ್ಣಗಿನ ದೋಸೆ ಬಡಿಸಿದವಳಲ್ಲ. ಸೊಸೆ ರಮಿತಾ ಬಂದ ಮೇಲೆ ಅವಳಿಗೂ ಅದೇ ನೇಮ.

ಆದರೆ ಇಲ್ಲಿ ಬಿಸಿ ಬಿಸಿ ಬಡಿಸುವುದೆಂದರೆ ಹುಡುಗಾಟವೇ? ಸೊಸೆ ಬರಬೇಕಾದದ್ದು ಥಾಣೆಯ ಆಫೀಸಿನಿಂದ, ಮಗ ಬರಬೇಕಾದದ್ದು ಐರೋಲಿಯಿಂದ, ಲೋಕಲ್ ಗಾಡಿ ಬರುವುದು ಅದಕ್ಕೆ ಮನಸ್ಸಾದಾಗ. ಮೊದಲೆಲ್ಲ ವಿಮಲಕ್ಕ ಬಾಲ್ಕನಿಗೂ ಒಲೆಗೂ ಓಡಾಡಿ ಕಾಲು ಸವೆಸುತ್ತಿದ್ದಳು. ಆಮೇಲೆ ಬಂತು ನೋಡಿ, ಚುಕ್ಕಿ ಆ್ಯಪ್.

ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ವಿಮಲಕ್ಕನ ನಾಲಿಗೆಗೆ ಅದು ಒಗ್ಗಲಿಲ್ಲ. ಫೋನಿನಲ್ಲಿ ನಕ್ಷೆ ಬಿಡಿಸಿಕೊಳ್ಳುತ್ತಿತ್ತು, ನಕ್ಷೆಯ ಮೇಲೆ ಮನೆಯವರೆಲ್ಲ ಒಂದೊಂದು ಬಣ್ಣದ ಚುಕ್ಕಿಯಾಗಿ ಹರಿದಾಡುತ್ತಿದ್ದರು. ಹಾಗಾಗಿ ಅದು ಚುಕ್ಕಿ ಆ್ಯಪ್. ಯತಿನ್ ನೀಲಿ ಚುಕ್ಕಿ, ರಮಿತಾ ಗುಲಾಬಿ ಚುಕ್ಕಿ, ಗಂಡ ಹಳದಿ. ಗುಲಾಬಿ ಚುಕ್ಕಿ ಕಳವಾ ದಾಟಿ, ಮುಂಬ್ರಾ ದಾಟಿ, ದಿವಾ ಸ್ಟೇಶನ್ ಬಿಟ್ಟಿತೆಂದರೆ ವಿಮಲಕ್ಕ ಕಾವಲಿ ಒಲೆಗೇರಿಸುತ್ತಿದ್ದಳು. ಸೊಸೆ ಚಪ್ಪಲಿ ಕಳಚಿ ಕಾಲು ತೊಳೆದು ಬರುವುದಕ್ಕೂ ಮೊದಲ ದೋಸೆ ಎದ್ದು ಬರುವುದಕ್ಕೂ ಸರಿಹೋಗುತ್ತಿತ್ತು.

“ಅತ್ತೆ, ನೀವು ರೈಲ್ವೆಯಲ್ಲಿ ಇರಬೇಕಿತ್ತು” ಎಂದು ರಮಿತಾ ನಗುತ್ತಿದ್ದಳು. ವಿಮಲಕ್ಕ ಉಬ್ಬಿಹೋಗುತ್ತಿದ್ದಳು.

ಹಳದಿ ಚುಕ್ಕಿಯದು ಬೇರೆ ಕಥೆ. ಲೀಲಾಧರ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಆಯುಸ್ಸು ಕಳೆದು ಈಗ ಮನೆಯಲ್ಲಿ ಕೂತವನು. ಬಿ.ಪಿ. ಉಂಟು, ಎಣ್ಣೆ ಕೂಡದು. ವಾಕಿಂಗ್ ಎಂದು ಹೊರಟ ಹಳದಿ ಚುಕ್ಕಿ ಸ್ಟೇಶನ್ ಪಕ್ಕದ ವಡಾಪಾವ್ ಗಾಡಿಯ ಹತ್ತಿರ ಬೇರು ಬಿಟ್ಟದ್ದನ್ನು ನೋಡಿ ವಿಮಲಕ್ಕ ಫೋನು ಹಚ್ಚುತ್ತಿದ್ದಳು.

“ಬಾಯಲ್ಲಿ ಇರುವುದನ್ನು ನುಂಗಿ ಮಾತಾಡಿ.”

“ಮಾರಾಯ್ತಿ, ನನ್ನ ಹೊಟ್ಟೆಯೊಳಗೂ ಚುಕ್ಕಿ ಇಟ್ಟಿದ್ದೀಯಾ?” ಎನ್ನುತ್ತಿದ್ದ ಲೀಲಾಧರ.

ಆ ಆ್ಯಪ್ ಮನೆಗೆ ಬಂದದ್ದು ಒಂದು ಜಡಿಮಳೆಯ ಮರುದಿನ. ಹಿಂದಿನ ದಿನ ಹಳಿಯ ಮೇಲೆ ನೀರು ನಿಂತು ಗಾಡಿಗಳೆಲ್ಲ ಬಂದ್. ರಮಿತಾಳ ಫೋನು ಸತ್ತಿತ್ತು. ಅವಳು ಯಾರೋ ಜೊತೆಗಾತಿಯ ಮನೆಯಲ್ಲಿ ಉಳಿದು ಬೆಳಿಗ್ಗೆ ಬಂದಳು. ವಿಮಲಕ್ಕ ಅಷ್ಟರಲ್ಲಿ ಊರಿನ ಎಲ್ಲ ದೈವಗಳಿಗೂ ಹರಕೆ ಹೇಳಿ ಮುಗಿಸಿದ್ದಳು. “ಇನ್ನು ಈ ಟೆನ್ಶನ್ ಬೇಡ” ಎಂದು ಯತಿನ್ ಸಂಜೆ ಎಲ್ಲರ ಫೋನನ್ನೂ ಒಟ್ಟುಹಾಕಿ ಆ್ಯಪ್ ಇಳಿಸಿದ. ರಮಿತಾಳೂ ಒಪ್ಪಿದಳು, ಎಲ್ಲಿದ್ದೇನೆ ಎಂದು ಗೊತ್ತಾದರೆ ಅತ್ತೆಗೆ ಸಮಾಧಾನ ಎಂದು. ಅಷ್ಟರಲ್ಲಿ ಯತಿನ್‌ಗೆ ಆಫೀಸಿನ ಕರೆ ಬಂತು.

“ಅಮ್ಮಾ, ಅದು ಏನೇನೋ ಪರ್ಮಿಶನ್ ಕೇಳ್ತದೆ. ಲೊಕೇಶನ್‌ಗೆ ಮಾತ್ರ ಹೌದು ಅಂತ ಒತ್ತು. ಬಾಕಿದ್ದಕ್ಕೆಲ್ಲ ಬೇಡ ಅನ್ನು, ಸಮ್ಝೀ?” ಎಂದು ಬಾಲ್ಕನಿಗೆ ಹೋದ.

ಅರ್ಥವೇನೋ ಆಯಿತು. ಆದರೆ ವಿಮಲಕ್ಕ ಆಗಷ್ಟೇ ದೇವರ ದೀಪ ಹಚ್ಚಿ ಕೂತಿದ್ದಳು. ಕಾಪುವಿನ ಅವಳ ತವರಿನಲ್ಲಿ ಅಜ್ಜಿಯ ಕಟ್ಟುನಿಟ್ಟು ಹೇಗಿತ್ತೆಂದರೆ, ದೀಪ ಹಚ್ಚಿದ ಮೇಲೆ ಬಾಯಲ್ಲಿ ‘ಇಲ್ಲ’, ‘ಬೇಡ’ ಬರಕೂಡದು. ಡಬ್ಬಿಯಲ್ಲಿ ಅಕ್ಕಿ ಮುಗಿದಿದ್ದರೆ ‘ಅಕ್ಕಿ ಹೆಚ್ಚಾಗಿದೆ’ ಎನ್ನಬೇಕು. ಹೊರಟು ನಿಂತವರು ಯಾವ ಹೊತ್ತಿಗೂ ‘ಹೋಗ್ತೇನೆ’ ಎನ್ನುವಂತಿಲ್ಲ, ‘ಬರ್ತೇನೆ’ ಎನ್ನಬೇಕು. ಆ ಫೋನುಗಳು ಒಂದರ ಹಿಂದೊಂದು ಕೇಳಿದವು: ನೀವೆಲ್ಲಿದ್ದೀರಿ ನೋಡಲೇ? ಮೈಕು ಬಳಸಲೇ? ಕ್ಯಾಮೆರಾ ತೆರೆಯಲೇ? ನಡೆಯುತ್ತಿದ್ದೀರೋ ಕೂತಿದ್ದೀರೋ ತಿಳಿಯಲೇ? ದೀಪ ಎದುರಿಗೆ ಉರಿಯುತ್ತಿತ್ತು. ಮನೆಗೆ ಬಂದವರಿಗೆ ಬೇಡ ಎನ್ನುವುದುಂಟೇ? ವಿಮಲಕ್ಕ ಎಲ್ಲದಕ್ಕೂ ಹೌದು ಒತ್ತಿದಳು, ಗಂಡನ ಫೋನಿನಲ್ಲಿ, ಸೊಸೆಯ ಫೋನಿನಲ್ಲಿ, ಮಗನದರಲ್ಲಿ, ತನ್ನದರಲ್ಲಿ. ಒತ್ತಿ ಮರೆತೂಬಿಟ್ಟಳು.

ಮಳೆಗಾಲ ಕಳೆಯಿತು. ರಮಿತಾ ಬಸುರಿಯಾದಳು. ವಿಮಲಕ್ಕನಿಗೆ ನೆಲದ ಮೇಲೆ ಕಾಲಿಲ್ಲ. ಆದರೆ ನಾಲ್ಕನೇ ತಿಂಗಳಲ್ಲಿ ಆಫೀಸಿನಲ್ಲೇ ಹೊಟ್ಟೆನೋವು ಕಾಣಿಸಿಕೊಂಡು, ಜೊತೆಯವರು ಅಲ್ಲೇ ಥಾಣೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿ, ಮನೆಯವರು ಓಡಿ ಮುಟ್ಟುವುದರೊಳಗೆ ಎಲ್ಲ ಮುಗಿದುಹೋಗಿತ್ತು.

ವಿಮಲಕ್ಕ ಸೊಸೆಯನ್ನು ಹೂವಿನಂತೆ ನೋಡಿಕೊಂಡಳು, ಅದರಲ್ಲಿ ಎರಡು ಮಾತಿಲ್ಲ. ಎಣ್ಣೆ ಹಚ್ಚಿ ಬಿಸಿನೀರು ಮೀಯಿಸಿದಳು, ಮೆಂತೆ ಗಂಜಿ ಮಾಡಿ ಕುಡಿಸಿದಳು. ಆದರೆ ಮೊದಲ ಸಂಜೆ ರಮಿತಾ ಹಾಸಿಗೆಯಲ್ಲಿ ಬಿಕ್ಕಿದಾಗ ಅವಳ ತಲೆ ಸವರಿ, “ಆದದ್ದು ಆಯ್ತು ಮಗಾ. ದೀಪ ಉರಿಯುವಾಗ ಕಣ್ಣೀರು ಹಾಕಬಾರದು. ಇನ್ನೊಂದು ಆಗ್ತದೆ” ಎಂದಳು. ರಮಿತಾ ಕಣ್ಣೊರೆಸಿಕೊಂಡಳು. ಆಮೇಲೆ ಮನೆಯಲ್ಲಿ ಆ ಮಾತನ್ನೇ ಯಾರೂ ಎತ್ತಲಿಲ್ಲ. ಯತಿನ್ ಹೊಸ ಟಿ.ವಿ. ತಂದ. ಲೀಲಾಧರ ಸೊಸೆಯ ಎದುರು ಹಳೆಯ ಹೋಟೆಲಿನ ತಮಾಷೆ ಹೇಳತೊಡಗಿದ. ರಮಿತಾ ನಗುತ್ತಿದ್ದಳು, ಆಫೀಸಿಗೆ ಹೋಗಿ ಬರುತ್ತಿದ್ದಳು. ವಿಮಲಕ್ಕ ಪಕ್ಕದ ಮನೆಯವರ ಹತ್ತಿರ, “ನಮ್ಮ ಹುಡುಗಿ ಗಟ್ಟಿ ಆಯ್ತಾ” ಎಂದು ಹೊಗಳಿಕೊಂಡಳು.

ಗುಲಾಬಿ ಚುಕ್ಕಿ ಕಳವಾದಲ್ಲಿ ನಿಲ್ಲತೊಡಗಿದ್ದು ಆಗ.

ಮೊದಲು ಒಂದು ಶುಕ್ರವಾರ. ಥಾಣೆ ಬಿಟ್ಟ ಚುಕ್ಕಿ ಖಾಡಿಯ ನೀರು ದಾಟಿ ಕಳವಾ ಸ್ಟೇಶನ್ನಿನಲ್ಲಿ ಇಳಿಯಿತು. ಇಳಿದದ್ದು ಹೊರಗೆ ನಡೆಯಿತು, ಲೋಕಲ್ ಗಾಡಿಗಳ ಕಾರ್‌ಶೆಡ್ಡಿನ ಬದಿಯ ಗಲ್ಲಿಗಳ ನಡುವೆ ಹೋಗಿ ಕೂತಿತು. ಇತ್ತ ಕಾದ ಕಾವಲಿಯನ್ನು ವಿಮಲಕ್ಕ ಇಳಿಸಿದಳು, ಮತ್ತೆ ಏರಿಸಿದಳು, ಮತ್ತೆ ಇಳಿಸಿದಳು. ಸೊಸೆ ಬಂದಾಗ ಮುಖ ತೊಳೆದ ಹಾಗಿತ್ತು.

“ಗಾಡಿ ಲೇಟಾ ಮಗಾ?”

“ಹೌದು ಅತ್ತೆ, ಲೇಟು.”

ಮುಂದಿನ ಮಂಗಳವಾರವೂ ಅದೇ, ಶುಕ್ರವಾರವೂ ಅದೇ. ಕೇಳಿದರೆ ಗಾಡಿ ಲೇಟು. ಕಳವಾದಲ್ಲಿ ನಮ್ಮವರು ಅಂತ ಯಾರಿದ್ದಾರೆ? ಯಾರೂ ಇಲ್ಲ. ಅಲ್ಲಿ ಇರುವುದು ಬಾಡಿಗೆಗೆ ಸಿಗುವ ಸಣ್ಣ ಸಣ್ಣ ಕೋಣೆಗಳು. ಮೇಲಿನ ಮಾಳಿಗೆಯ ಮನೆಯಲ್ಲಿ ಹೋದ ವರ್ಷ ಸೊಸೆ ಗುಟ್ಟಾಗಿ ಬಾಡಿಗೆ ಕೋಣೆ ನೋಡಿಟ್ಟು ಒಂದು ದಿನ ಚೀಲ ಎತ್ತಿಕೊಂಡು ಹೊರಟೇಹೋಗಿದ್ದಳು. ವಿಮಲಕ್ಕನಿಗೆ ಅದು ನೆನಪಾಯಿತು. ಹೆಣ್ಣುಮಕ್ಕಳಿಲ್ಲದ ಮನೆಗೆ ದೇವರು ಕೊಟ್ಟ ಮಗಳು ಎಂದುಕೊಂಡಿದ್ದಳು ರಮಿತಾಳನ್ನು. ಆ ಮಗಳು ಕೈ ತಪ್ಪಿ ಹೋದರೆ? ಅವಳಿಗೆ ಬೇರೆ ಯಾವ ಯೋಚನೆಯೂ ಹತ್ತದಾಯಿತು.

ಒಂದು ಮಂಗಳವಾರ ಚುಕ್ಕಿ ಅಲ್ಲೇ ಕೂತಿತ್ತು. ವಿಮಲಕ್ಕ ಒಂದು ಕೈಯಲ್ಲಿ ಗಂಡನಿಗೆ ದೋಸೆ ಹುಯ್ಯುತ್ತ ಇನ್ನೊಂದು ಕೈಯಲ್ಲಿ ಫೋನು ಹಿಡಿದಿದ್ದಳು. ಚುಕ್ಕಿಯ ಮೇಲೆ ಬೆರಳಿಟ್ಟರೆ ಪಕ್ಕದಲ್ಲಿ ಒಂದು ಕಿವಿಯ ಚಿತ್ರ ಬರುತ್ತಿತ್ತು. ಮೊದಲಿನಿಂದಲೂ ಬರುತ್ತಿತ್ತು, ಏನೋ ಅಲಂಕಾರ ಎಂದು ಅವಳು ಬಿಟ್ಟಿದ್ದಳು. ಅಂದು ಓದಿದಳು: ‘ಸುತ್ತಲಿನ ಶಬ್ದ ಕೇಳಿ.’ ಬೆರಳು ಒಂದು ಗಳಿಗೆ ಹಿಂದೆಮುಂದೆ ನೋಡಿತು. ಆಮೇಲೆ ಒತ್ತಿಯೇಬಿಟ್ಟಿತು.

ಮೊದಲು ಕೇಳಿದ್ದು ಟಿ.ವಿ.ಯ ಗಲಾಟೆ, ಮರಾಠಿ ಧಾರಾವಾಹಿ, ಕಿವಿ ಕಿತ್ತುಹೋಗುವಷ್ಟು ಜೋರು. ಅದರ ಅಡಿಯಲ್ಲಿ ಇನ್ನೊಂದು ಸದ್ದು. ಯಾರೋ ಅಳುತ್ತಿದ್ದರು. ಬಿಕ್ಕಳಿಕೆಯಲ್ಲ, ಹೊಟ್ಟೆಯಾಳದಿಂದ ಬರುವ ಅಳು. ವಿಮಲಕ್ಕನಿಗೆ ಗುರುತು ಹತ್ತಲು ತುಸು ಹೊತ್ತು ಹಿಡಿಯಿತು, ಏಕೆಂದರೆ ಆ ಧ್ವನಿ ಹೀಗೂ ಅಳಬಲ್ಲದು ಎಂದು ಅವಳು ಎಣಿಸಿರಲಿಲ್ಲ.

“ಅಳು ಯವ್ವಾ, ಅಳು” ಎಂದಿತು ಒಂದು ಮುದುಕಿಯ ಧ್ವನಿ. “ಇಲ್ಲಿ ಯಾರೂ ಕೇಳಂಗಿಲ್ಲ.”

“ನಾನು ಅದಕ್ಕೆ ಹೆಸರು ಇಟ್ಟಿದ್ದೆ ಮಾವಶಿ” ಎಂದಳು ರಮಿತಾ. “ಯತಿನ್‌ಗೂ ಹೇಳಿರಲಿಲ್ಲ. ನಾನೇ ಒಳಗೊಳಗೇ ಕರೀತಾ ಇದ್ದೆ...” ಮಾತು ಅಲ್ಲಿಗೇ ಕಡಿಯಿತು. ಆಮೇಲೆ ಫೋನಿಗೆ ತೀರ ಹತ್ತಿರದಿಂದ ಅದೇ ಧ್ವನಿ, ಈಗ ಬೇರೆಯದೇ ರೀತಿಯಲ್ಲಿ: “ಇದೆಂಥದು? ಮೇಲೆ ಈ ಹಸಿರು ಲೈಟ್ ಯಾಕೆ ಹೊತ್ತಿದೆ? ಮೈಕ್ ಯಾರು ಆನ್ ಮಾಡಿದ್ದು?”

ಕೂಡಲೇ ಸದ್ದು ನಿಂತಿತು. ನಕ್ಷೆಯಿಂದ ಗುಲಾಬಿ ಚುಕ್ಕಿಯೂ ಅಳಿಸಿಹೋಯಿತು. ಕಾವಲಿಯ ಮೇಲೆ ದೋಸೆ ಕರಟಿ ಹೊಗೆ ಎದ್ದಿತ್ತು.

“ಏನೇ, ವಾಸನೆ!” ಎಂದು ಲೀಲಾಧರ ಕೂಗಿದ. ಅವಳಿಗೆ ಕೇಳಿಸಲಿಲ್ಲ.

ರಮಿತಾ ಬಂದವಳು ಚಪ್ಪಲಿ ಕಳಚಿ ನೇರ ಅಡುಗೆಮನೆಗೆ ಬಂದಳು. ಕಣ್ಣು ಊದಿತ್ತು. ಗಂಡಸರಿಗೆ ಕೇಳದ ಹಾಗೆ ತಗ್ಗಿದ ಧ್ವನಿಯಲ್ಲಿ ಕೇಳಿದಳು.

“ಅತ್ತೆ, ಕೇಳಿದ್ದು ನೀವಾ?”

ವಿಮಲಕ್ಕನ ಬಾಯಿಗೆ ಇಲ್ಲವೂ ಬರಲಿಲ್ಲ, ಹೌದೂ ಬರಲಿಲ್ಲ. ಬಂದದ್ದು ಒಂದೇ ಮಾತು: “ದೋಸೆ ಹಾಕ್ಲಾ?”

ಸೊಸೆ “ಹಸಿವಿಲ್ಲ” ಎಂದು ಒಳಗೆ ಹೋದಳು. ಬೆಳಿಗ್ಗೆ ಚೀಲ ಸಿದ್ಧವಾಗಿತ್ತು. ಸ್ವಲ್ಪ ದಿನ ನೆರೂಳಿನ ತವರಿನಲ್ಲಿ ಇದ್ದು ಅಲ್ಲಿಂದಲೇ ಆಫೀಸಿಗೆ ಹೋಗುತ್ತೇನೆ ಎಂದು ಯತಿನ್‌ಗೆ ಹೇಳಿದ್ದಳು; ಅವನು ತಲೆ ಕೆರೆದುಕೊಂಡು ಒಪ್ಪಿದ್ದ. ಹೊಸಿಲಲ್ಲಿ ನಿಂತು ಅವಳು ಅಂದಳು:

“ಅತ್ತೆ, ಹೋಗ್ತೇನೆ.”

ಬರ್ತೇನೆ ಎನ್ನಲಿಲ್ಲ. ಅದೇ ಮನೆಯಲ್ಲಿ ಅಷ್ಟು ವರ್ಷ ಆ ನೇಮ ಪಾಲಿಸಿಕೊಂಡು ಬಂದ ಹುಡುಗಿ, ಬೇಕೆಂದೇ ಅನ್ನಲಿಲ್ಲ. ವಿಮಲಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು, ಲಿಫ್ಟು ಕೆಳಗೆ ಹೋಗುವ ಸದ್ದು ನಿಲ್ಲುವವರೆಗೂ ನಿಂತಳು.

ಗಂಡನ ಹತ್ತಿರ ಹೇಳದೆ ಅವಳಿಗೆ ಯಾವುದೂ ಅರಗುವುದಿಲ್ಲ. ಹೇಳಿದಳು. ಲೀಲಾಧರ ಪೇಪರು ಮಡಚಿ ಪಕ್ಕಕ್ಕಿಟ್ಟ.

“ನನ್ನ ವಡೆ ಹಿಡಿದೆ, ನಾನು ನಕ್ಕೆ” ಎಂದ. “ಅವಳದ್ದು ವಡೆ ಅಲ್ಲ ಮಾರಾಯ್ತಿ.”

ವಿಮಲಕ್ಕ ಸೀರೆ ಬದಲಿಸಿದಳು. ಕಳವಾದ ಗಲ್ಲಿ ಅವಳಿಗೆ ನಕ್ಷೆಯಲ್ಲಿ ನೋಡಿ ನೋಡಿ ಬಾಯಿಪಾಠವಾಗಿತ್ತು. ಸ್ಲೋ ಲೋಕಲ್ಲಿನಲ್ಲಿ ಹೋಗಿ ಇಳಿದು, ಕಾರ್‌ಶೆಡ್ಡಿನ ಗೋಡೆಯ ಗುಂಟ ನಡೆದು, ಚುಕ್ಕಿ ಕೂರುತ್ತಿದ್ದ ತಿರುವಿನಲ್ಲಿ ನಿಂತು, “ಇಲ್ಲಿ ಕನ್ನಡದ ಅಜ್ಜಿ ಯಾರಾದರೂ ಇದ್ದಾರಾ?” ಎಂದು ಹಿಂದಿಯಲ್ಲಿ ಕೇಳಿದಳು. ಒಬ್ಬಳು ಹುಡುಗಿ ನೀಲಿ ಬಾಗಿಲು ತೋರಿಸಿದಳು.

ಬಾಗಿಲು ತೆರೆದವಳು ಸಾಬವ್ವ; ಅಂದು ಅವಳಿಗೆ ರಜೆ. ಬಿಜಾಪುರದ ಕಡೆಯವಳು, ರಮಿತಾಳನ್ನು ಸೇರಿಸಿದ್ದ ನರ್ಸಿಂಗ್ ಹೋಮಿನಲ್ಲಿ ಆಯಾ. ಅಲ್ಲಿ ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುವುದು. ವಿಮಲಕ್ಕ ತಾನು ಯಾರೆಂದು ಹೇಳಿದಳು.

“ಬರ್ರಿ, ಒಳಗ ಬರ್ರಿ, ಕುಂದರ್ರಿ” ಎಂದಳು ಸಾಬವ್ವ. ಕೋಣೆಯಲ್ಲಿ ಕೂರಲು ಇದ್ದದ್ದು ಒಂದೇ ಚಾಪೆ. “ಆ ದಿನ ನೀವು ಬರೂತನಕಾ ಅಕಿ ಕೈ ನಾನ ಹಿಡಕೊಂಡಿದ್ದೆ. ಮಂದಿ ಬಂದ್ ಕೂಡ್ಲೆ ಹುಡುಗಿ ಸುಮ್ಮನಾಗಿಬಿಟ್ಟಿತ್ರೀ. ಅಳೂದನ್ನ ಹಂಗ ನುಂಗಬಾರ್ದು, ಅದು ಒಳಗ ಕುಂತು ತಿಂತದ. ನಾ ಅಂದೆ, ಯವ್ವಾ, ನಿನಗ ಮನ್ಯಾಗ ಜಾಗಾ ಇಲ್ಲಂದ್ರ ನನ್ನ ಖೋಲಿಗೆ ಬಾ. ಮಂಗಳವಾರ, ಶುಕ್ರವಾರ ನನ್ನ ಪಾಳಿ ಜಲ್ದಿ ಮುಗೀತದ. ಬರ್ತಾಳ, ಅಳ್ತಾಳ, ಮಾರಿ ತೊಳಕೊಂಡು ಹೋಗ್ತಾಳ. ನಾ ಏನೂ ಕೇಳಂಗಿಲ್ರೀ. ಟಿ.ವಿ. ಒಂದು ಜೋರ ಇಡ್ತೀನಿ, ಬಾಜೂದವ್ರಿಗೆ ಕೇಳಬಾರ್ದಂತ.”

ಟಿ.ವಿ. ಜೋರಾಗಿ ಇಡುತ್ತೇನೆ ಎಂದ ಆ ಮಾತು ವಿಮಲಕ್ಕನನ್ನು ಹಿಂದಕ್ಕೆ ಎಳೆಯಿತು. ಅವಳಿಗೆ ಕೋಪರಿ ನೆನಪಾಯಿತು.

ಮದುವೆಯಾದ ಹೊಸತರಲ್ಲಿ ಅವಳು ಇದ್ದದ್ದು ಕೋಪರಿಯ ಚಾಳಿನ ಒಂದೇ ಕೋಣೆಯಲ್ಲಿ, ಅತ್ತೆ, ಮಾವ, ಮೈದುನಂದಿರು, ನಾದಿನಿಯರ ನಡುವೆ. ಊರು ನೆನಪಾದರೆ ಅಳಲಿಕ್ಕೂ ಮೂಲೆಯಿಲ್ಲ. ಹಾಗಾಗಿ ಪಾತ್ರೆ ಬುಟ್ಟಿ ಹೊತ್ತು ಚಾಳಿನ ಸಾರ್ವಜನಿಕ ನಳಕ್ಕೆ ಹೋಗಿ, ನೀರಿನ ಸದ್ದಿನಲ್ಲಿ ಅಳುತ್ತಿದ್ದಳು. ಎದುರು ಕೋಣೆಯ ಲೋಲಾಕ್ಷಕ್ಕ ಅದನ್ನು ಕಂಡಿದ್ದಳು. ಕಂಡವಳು ಏನು ಏಕೆ ಎಂದು ಕೇಳಲಿಲ್ಲ. ತನ್ನ ಕೊಡ ತಂದು ವಿಮಲಳಿಗೆ ಅಡ್ಡವಾಗಿ ನಿಂತು, ನಳವನ್ನು ಪೂರ್ತಿ ತಿರುಗಿಸಿ, “ನೀರು ಜೋರಾಗಿ ಬರಲಿ ಬಿಡು” ಎಂದಿದ್ದಳು. ಆಮೇಲೆ ಎಷ್ಟೋ ಸಲ ಹಾಗೆಯೇ ಅಡ್ಡ ನಿಂತಳು. ಚಾಳಿನಲ್ಲಿ ಒಬ್ಬರ ಕಿವಿಗೂ ಆ ವಿಷಯ ಹೋಗಲಿಲ್ಲ.

ಅಂಥ ಲೋಲಾಕ್ಷಕ್ಕನ ಋಣದಲ್ಲಿ ಬದುಕಿದವಳು ತಾನು, ತನ್ನ ಸೊಸೆ ಅಳುವಾಗ ನಳ ತಿರುಗಿಸುವುದು ಬಿಟ್ಟು ಗೋಡೆಗೆ ಕಿವಿ ಇಟ್ಟೆನಲ್ಲ! ವಿಮಲಕ್ಕನಿಗೆ ನಾಚಿಕೆಯಾಯಿತು. ಅವಳು ಚಾಪೆಯಿಂದ ಎದ್ದು ಸಾಬವ್ವನ ಎರಡೂ ಕೈ ಹಿಡಿದುಕೊಂಡಳು.

“ನಾನು ಮಾಡಬೇಕಾದ್ದನ್ನು ನೀವು ಮಾಡಿದ್ರಿ. ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯುದಿಲ್ಲ.”

“ಅಯ್ಯ, ಬಿಡ್ರೀ ಅಕ್ಕಾರ” ಎಂದಳು ಸಾಬವ್ವ. “ಚಾ ಕುಡೀರಿ ಮೊದಲ.”

ಚಹಾ ಕುಡಿದು ವಿಮಲಕ್ಕ ಮನೆಗೆ ಹೋಗಲಿಲ್ಲ. ಥಾಣೆಗೆ ಹೋಗಿ ನೆರೂಳಿನ ಗಾಡಿ ಹತ್ತಿದಳು. ಅಲ್ಲಿ ಮುಟ್ಟುವಾಗ ಮುಸ್ಸಂಜೆ. ರಮಿತಾಳ ತಾಯಿ ದೇವರಿಗೆ ದೀಪ ಹಚ್ಚಿ, ಬೀಗಿತ್ತಿಯ ಮುಖ ನೋಡಿ, ಏನೋ ಅರ್ಥ ಮಾಡಿಕೊಂಡವಳಂತೆ ತರಕಾರಿ ತರುವ ನೆವ ಹೇಳಿ ಕೆಳಗೆ ಹೋದಳು. ರಮಿತಾ ಆಫೀಸಿನಿಂದ ಬಂದು ಕೂತಿದ್ದಳು. ಏಳಲಿಲ್ಲ.

“ನಾನೇ ಮಗಾ” ಎಂದಳು ವಿಮಲಕ್ಕ ನಿಂತಲ್ಲಿಂದಲೇ. “ಕೇಳಿದ್ದು ನಾನೇ. ನೀನು ಬೇರೆ ಮನೆ ನೋಡ್ತಾ ಇದ್ದಿ ಅಂತ ಹೆದರಿದ್ದೆ. ಹೆದರಿಕೊಂಡು ಒತ್ತಿದೆ. ತಪ್ಪಾಯ್ತು.”

ರಮಿತಾಳ ಬಾಯಿಂದ ಮಾತು ಸುರಿಯಿತು.

“ಅತ್ತೆ, ಆ ಮನೆಯಲ್ಲಿ ನನಗೆ ಚಿಲಕ ಹಾಕುವ ಜಾಗ ಬಾತ್‌ರೂಮ್ ಒಂದೇ. ಅಲ್ಲಿ ಕೂತರೆ ಮಾವ ಬಾಗಿಲು ತಟ್ತಾರೆ, ಯತಿನ್ ‘ಆರ್ ಯೂ ಓಕೆ’ ಅಂತಾನೆ. ನೀವು ಅಳಬಾರದು ಅಂದ್ರಿ, ನಕ್ಕೆ. ಇನ್ನೊಂದು ಆಗ್ತದೆ ಅಂದ್ರಿ, ಆಯ್ತು ಅಂದೆ. ನನಗೆ ಇನ್ನೊಂದು ಬೇಡ ಇತ್ತು ಅತ್ತೆ, ಅದೇ ಬೇಕಿತ್ತು! ಅದಕ್ಕಾಗಿ ಅಳಲಿಕ್ಕೆ ಆ ಖೋಲಿ ಒಂದು ಇತ್ತು. ಅಲ್ಲಿಗೂ ನಿಮ್ಮ ಕಿವಿ ಬಂತು.”

ವಿಮಲಕ್ಕ ಸಮಜಾಯಿಷಿ ಕೊಡಲಿಲ್ಲ. ಕಣ್ಣೀರು ಹಾಕಬಾರದು ಎಂದೂ ಹೇಳಲಿಲ್ಲ. ನೆಲದ ಮೇಲೆ ಕೂತು, ಸೆರಗಿನ ಗಂಟಿನಿಂದ ತೆಗೆದ ಹಾಗೆ ಚೀಲದಿಂದ ತನ್ನ ಫೋನು ತೆಗೆದು ಸೊಸೆಯ ಮುಂದಿಟ್ಟಳು.

“ಸಾಬವ್ವನನ್ನು ನೋಡಿ ಬಂದೆ. ನಿನಗೆ ಅವಳು ಸಿಕ್ಕಿದ್ದು ನನ್ನ ಪುಣ್ಯ. ಇನ್ನು ಒಂದು ಕೆಲಸ ಮಾಡು. ನನಗೆ ಇದರಲ್ಲಿ ಬೇಡ ಅನ್ನುದು ಹೇಗೆ ಅಂತ ಕಲಿಸು.”

ರಮಿತಾ ಬಹಳ ಹೊತ್ತು ಫೋನನ್ನು ಮುಟ್ಟಲಿಲ್ಲ. ಕೊನೆಗೆ ಮೂಗು ಸೀಟಿಕೊಂಡು ಅದನ್ನೆತ್ತಿ, ಸೆಟ್ಟಿಂಗ್ಸ್ ತೆರೆದಳು. “ಇಲ್ಲಿ ನೋಡಿ. ಯಾವ ಆ್ಯಪಿಗೆ ನಿಮ್ಮ ಮೈಕ್ ಕೊಟ್ಟಿದ್ದೀರಿ ಅಂತ ಇಲ್ಲಿ ಬರ್ತದೆ.”

ವಿಮಲಕ್ಕ ಕನ್ನಡಕ ಏರಿಸಿದಳು. ದೊಡ್ಡ ಮೆರವಣಿಗೆಯೇ ಇತ್ತು. ಚುಕ್ಕಿ ಆ್ಯಪ್ ಸರಿ. ಪಂಚಾಂಗದ ಆ್ಯಪಿಗೂ ಕಿವಿ, ಬಣ್ಣದ ಮಣಿ ಒಡೆಯುವ ಆಟಕ್ಕೂ ಕಿವಿ. ಟಾರ್ಚಿನ ಆ್ಯಪಿಗೆ ಅವಳು ಎಲ್ಲಿದ್ದಾಳೆಂದು ಸದಾ ಗೊತ್ತಾಗಬೇಕಂತೆ.

“ರಾಹುಕಾಲ ಹೇಳಲಿಕ್ಕೆ ಇವನಿಗೆ ನನ್ನ ಮಾತು ಯಾಕೆ ಕೇಳಬೇಕು?”

“ನೀವು ಕೊಟ್ಟಿರಿ, ಅವನು ತಗೊಂಡ.”

“ದೀಪ ಹಚ್ಚಿದ ಹೊತ್ತಿಗೆ ಕೇಳಿದ್ರೆ ನಾನು ಬೇಡ ಅನ್ನುದು ಹೇಗೆ ಮಾರಾಯ್ತಿ? ಆ ದಿನವೂ ಹಾಗೇ ಆದದ್ದು. ಯತಿನ್ ಬೇಡ ಒತ್ತು ಅಂದಿದ್ದ. ಎಲ್ಲದಕ್ಕೂ ಹೌದು ಒತ್ತಿದ್ದು ನಾನೇ, ನಿನ್ನ ಫೋನಿನಲ್ಲಿಯೂ.”

ರಮಿತಾ ತಲೆ ಎತ್ತಿ ಅವಳನ್ನು ನೋಡಿದಳು. ನಗು ಬರಬಾರದಾಗಿತ್ತು, ಆದರೂ ಅಳುವಿನ ನಡುವೆಯೇ ಒಂದಿಷ್ಟು ಬಂದುಬಿಟ್ಟಿತು. “ದೀಪ ಇಲ್ಲಿಯೂ ಉರೀತಾ ಉಂಟು ಅತ್ತೆ” ಎಂದಳು. “ಈಗ ಒತ್ತುತ್ತೀರಾ?”

ವಿಮಲಕ್ಕ ದೇವರ ಕಡೆ ತಿರುಗಿ ಒಮ್ಮೆ ಕೈ ಮುಗಿದಳು. ಪರದೆಯ ಮೇಲೆ ‘ಅನುಮತಿಸಬೇಡಿ’ ಎಂದಿತ್ತು. ಒತ್ತಿದಳು. ಮನೆ ಬೀಳಲಿಲ್ಲ. ಮುಂದಿನದಕ್ಕೂ ಒತ್ತಿದಳು. ಪಂಚಾಂಗಕ್ಕೆ ಬೇಡ, ಮಣಿಯಾಟಕ್ಕೆ ಬೇಡ, ಟಾರ್ಚಿಗೆ ಬೇಡ. ಬೇಕಾದಾಗ ಮಾತ್ರ ಕೊಡುವುದು ಹೇಗೆ, ‘ಈ ಬಾರಿ ಮಾತ್ರ’ ಎಂದರೇನು, ಮೈಕನ್ನೂ ಕ್ಯಾಮೆರಾವನ್ನೂ ಒಟ್ಟಿಗೇ ಮುಚ್ಚಿಬಿಡುವ ಗುಂಡಿ ಎಲ್ಲಿದೆ, ಮೇಲಿನ ಮೂಲೆಯಲ್ಲಿ ಹಸಿರು ಬೆಳಕು ಹೊತ್ತಿದರೆ ಏನರ್ಥ, ಎಲ್ಲವನ್ನೂ ರಮಿತಾ ತೋರಿಸಿದಳು. ಕೊನೆಗೆ ಉಳಿದದ್ದು ಚುಕ್ಕಿ ಆ್ಯಪ್. ವಿಮಲಕ್ಕ ಅದನ್ನು ಬುಡಸಮೇತ ಕಿತ್ತು ತೆಗೆಯುವುದು ಹೇಗೆ ಎಂದು ಕೇಳಿ, ತಾನೇ ತೆಗೆದಳು.

ಅಷ್ಟು ದಿನ ತಾಯಿಯ ಹಾಗೆ ತಿಳಿಹೇಳುತ್ತ ಬಂದವಳಿಗೆ ಮಗುವಿನ ಹಾಗೆ ಕೂತು ಕಲಿಯುವುದು ಹಿತವಾಗಿತ್ತು. ಇಷ್ಟು ಆದ ಮೇಲೂ ಈ ಹುಡುಗಿ ಪಕ್ಕದಲ್ಲಿ ಕೂತು ಕಲಿಸುತ್ತಿದ್ದಾಳಲ್ಲ ಎಂದು ಅವಳಿಗೆ ಕಣ್ಣು ತುಂಬಿ ಬಂತು. ಮನೆಗೆ ಯಾವಾಗ ಬರ್ತೀ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು.

“ನಾನು ಬರ್ತೇನೆ ಮಗಾ” ಎಂದು ಎದ್ದಳು.

“ಜಾಗ್ರತೆ ಅತ್ತೆ” ಎಂದಳು ರಮಿತಾ. ಅಷ್ಟೇ ಅಂದಳು.

ಆಮೇಲಿನ ದಿನಗಳು ಹೇಗಿದ್ದವೆಂದು ಕೇಳಬೇಡಿ. ಎಲ್ಲರ ಫೋನಿನಿಂದಲೂ ಚುಕ್ಕಿ ಹೋಯಿತು. ವಿಷಯ ತಿಳಿದ ಯತಿನ್ ಎರಡು ಸಂಜೆ ಮಾತಾಡಲಿಲ್ಲ. ಮೂರನೆಯ ಸಂಜೆ ನೆರೂಳಿಗೆ ಹೋದವನು ಕಣ್ಣು ಕೆಂಪು ಮಾಡಿಕೊಂಡು ಬಂದ, ಅವನೂ ಅಲ್ಲಿ ಅತ್ತಿರಬೇಕು. ಲೀಲಾಧರನೊಬ್ಬ ಧಾರಾಳವಾಗಿ ವಾಕಿಂಗ್ ಹೋಗುತ್ತಿದ್ದ. ವಿಮಲಕ್ಕ ಸಂಜೆ ಹಿಟ್ಟು ಕಲಸಿ ಇಟ್ಟುಕೊಳ್ಳುತ್ತಿದ್ದಳು. ಕಾವಲಿ ಯಾವಾಗ ಇಡಬೇಕೆಂದು ತಿಳಿಯುತ್ತಿರಲಿಲ್ಲ. ಮಗ ಬರುವಾಗ ದೋಸೆ ಆರಿ ತಣ್ಣಗಾಗಿರುತ್ತಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಅವಳು ತಣ್ಣಗಿನ ದೋಸೆ ಬಡಿಸಿದಳು, ಅವನು ಮಾತಿಲ್ಲದೆ ತಿಂದ. ಒಂದೊಂದು ಸಲ ಅವಳ ಬೆರಳು ಅಭ್ಯಾಸಬಲದಿಂದ ಫೋನಿನ ಮೇಲೆ ಚುಕ್ಕಿಯನ್ನು ಹುಡುಕುತ್ತಿತ್ತು. ಹುಡುಕಿ, ನೆನಪಾಗಿ, ಸೆರಗಿಗೆ ಒರೆಸಿಕೊಳ್ಳುತ್ತಿತ್ತು.

ಒಂದು ಗುರುವಾರ ಸಂಜೆ ದೀಪ ಹಚ್ಚಿ ಎದ್ದಾಗ ಫೋನು ರಿಂಗಾಯ್ತು. ರಮಿತಾ.

ಹಿನ್ನೆಲೆಯಲ್ಲಿ ಗಾಡಿಯ ಸದ್ದು, ಹೆಂಗಸರ ಬೋಗಿಯ ಗದ್ದಲ, ಯಾರೋ ಪಿನ್ನು ಮಾರುವವಳ ಕೂಗು. ಅದರ ನಡುವೆ ಸೊಸೆಯ ಧ್ವನಿ: “ಅತ್ತೆ, ದಿವಾ ಬಿಟ್ಟಿತು. ಕಾವಲಿ ಇಡಿ.”

“ಹೂಂ ಮಗಾ” ಎಂದಳು ವಿಮಲಕ್ಕ. ನಕ್ಷೆ ನೋಡಿ ತಿಳಿದುಕೊಂಡದ್ದು ಎಷ್ಟೋ ಸಲ. ಹೀಗೆ ಕರೆದು ಹೇಳಿಸಿಕೊಂಡದ್ದು ಇದೇ ಮೊದಲು. ಕಾವಲಿ ಇಟ್ಟಳು, ದೇವರ ದೀಪದ ಕಡೆ ಮುಖ ಮಾಡಿ “ನಿನಗೆ ಕೋಟಿ ನಮಸ್ಕಾರ” ಎಂದಳು, ಹಿಟ್ಟಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಮರೆತು ಎರಡೆರಡು ಸಲ ರುಚಿ ನೋಡಿದಳು.

ರಮಿತಾ ಬಂದು, ಕಾಲು ತೊಳೆದು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಕೊಂಡೇ ತಿಂದಳು. ಬಟ್ಟಲಿಗೆ ಬಿದ್ದ ದೋಸೆಯಿಂದ ಹಬೆ ಏಳುತ್ತಿತ್ತು.

“ನಾಳೆ ಶುಕ್ರವಾರ ಅತ್ತೆ. ನಾನು ಕಳವಾಕ್ಕೆ ಹೋಗ್ತೇನೆ.”

“ಹೋಗಿ ಬಾ. ಸಾಬವ್ವನಿಗೆ ಒಂದು ಡಬ್ಬಿ ಕಾಯಿ-ಬೆಲ್ಲ ಕಟ್ಟಿ ಕೊಡ್ತೇನೆ. ಟಿ.ವಿ. ಜೋರಾಗಿ ಇಡಲಿಕ್ಕೆ ಹೇಳು.”

ರಮಿತಾ ಬಟ್ಟಲು ಕೆಳಗಿಟ್ಟಳು. ಹೊರಗೆ ಲೀಲಾಧರ ಸುದ್ದಿ ನೋಡುತ್ತಿದ್ದ, ಯತಿನ್ ಇನ್ನೂ ಬಂದಿರಲಿಲ್ಲ.

“ಅತ್ತೆ, ಆ ದಿನ... ಹೆಸರು ನಿಮಗೆ ಕೇಳಿಸಿತಾ?”

“ಇಲ್ಲ ಮಗಾ. ಅಷ್ಟರಲ್ಲಿ ನೀನು ನಿಲ್ಲಿಸಿದಿ” ಎಂದಳು ವಿಮಲಕ್ಕ. ದೀಪ ಉರಿಯುತ್ತಿತ್ತು, ಅವಳು ಇಲ್ಲ ಎಂದಳು. “ದೇವರಾಣೆ ಕೇಳಿಸಲಿಲ್ಲ. ನೀನು ಹೇಳಬೇಕು ಅಂತಲೂ ಇಲ್ಲ.”

ಸೊಸೆಯ ಮುಖ ಕುಸಿಯಿತು. ಅವಳ ಎದೆಯಿಂದ ಆ ಅಳು, ಫೋನಿನಲ್ಲಿ ಕದ್ದು ಕೇಳಿದ್ದ ಅದೇ ಅಳು, ಈಗ ಮನೆಯೊಳಗೇ ಎದ್ದು ಬಂತು. ವಿಮಲಕ್ಕ ಕೈ ಚಾಚಿ ನಳವನ್ನು ಪೂರ್ತಿ ತಿರುಗಿಸಿದಳು. ಸಿಂಕಿನಲ್ಲಿದ್ದ ಪಾತ್ರೆಗಳ ಮೇಲೆ ನೀರು ಧೋ ಎಂದು ಬಿತ್ತು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ಹೊರಗಿನವರಿಗೆ ಕಾಣದ ಹಾಗೆ, ಅಡ್ಡವಾಗಿ ನಿಂತಳು. ರಮಿತಾ ಅವಳ ಹೆಗಲಿಗೆ ಮುಖವಿಟ್ಟು ಅತ್ತಳು. ಅತ್ತು, ಕಿವಿಯ ಹತ್ತಿರ ಬಾಯಿ ತಂದು, ಆ ಹೆಸರು ಹೇಳಿದಳು.

ಏನು ಹೆಸರು ಎಂದು ಕೇಳಬೇಡಿ. ವಿಮಲಕ್ಕ ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ನಾವೂ ಹೇಳುವುದಿಲ್ಲ.

“ಏನೇ, ನೀರು ಇಷ್ಟು ಹಾಳು ಮಾಡ್ತಾ ಇದ್ದಿ!” ಎಂದು ಹೊರಗಿನಿಂದ ಲೀಲಾಧರ ಕೂಗಿದ. “ಟ್ಯಾಂಕಿ ಖಾಲಿ ಆಗ್ತದೆ, ನಳ ನಿಲ್ಲಿಸು!”

“ಆಗಲಿ ಬಿಡಿ” ಎಂದಳು ವಿಮಲಕ್ಕ. ನಿಲ್ಲಿಸಲಿಲ್ಲ.